ಬಾಲ ಬಿಟ್ಟು ಹೋದ ಗಿರಾಕಿ

ಸೆಪ್ಟೆಂಬರ್ ಮೂರನೇ ತಾರೀಖು ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಅತ್ತೆಯ ಕೈಯಲ್ಲಿ ಒಂದು ಹಕ್ಕಿಯ ಬಾಲ ಉಳಿಯಿತು. ಹಕ್ಕಿ ಉಳಿಯಲಿಲ್ಲ.

ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು. ರಜೆಯ ದಿನಗಳಲ್ಲಿ ಬೆಳಗಿನ ಹೊತ್ತು ಮನೆಯ ಹಿಂದಿನ ಕಾಡಿನಂಚಿನಲ್ಲಿ ಸಣ್ಣ ಕಣ್ಣಿನ ಬಲೆ ಕಟ್ಟಿ, ಸಿಕ್ಕ ಹಕ್ಕಿಗಳ ಕಾಲಿಗೆ ನಂಬರಿರುವ ಉಂಗುರ ತೊಡಿಸಿ ಬಿಡುತ್ತೇನೆ. ಇದಕ್ಕೆ ಪರವಾನಗಿ ಇದೆ. ಹಿಡಿದ ಹೊತ್ತು, ರೆಕ್ಕೆಯ ಉದ್ದ, ತೂಕ ಎಲ್ಲವನ್ನೂ ಅಲ್ಲೇ, ಆಗಲೇ ಬರೆಯಬೇಕು. ಆ ದಿನದ ಸಾಲಿನಲ್ಲಿ ಎಲ್ಲ ಸರಿಯಾಗಿಯೇ ಇದೆ. ಕೊನೆಯ ಷರಾ ಖಾನೆಯಲ್ಲಿ ಮಾತ್ರ ನನ್ನದೇ ಕೈಬರಹದಲ್ಲಿ 'ಬಾಲ ಅತ್ತೆಯ ಬಳಿ' ಎಂದಿದೆ. ಈ ಮಾಹಿತಿ ಹೋಗಿ ಸೇರುವ ಕಚೇರಿಯವರು ಇದರ ಬಗ್ಗೆ ಇಲ್ಲಿಯವರೆಗೆ ಏನೂ ಕೇಳಿಲ್ಲ.

ಅತ್ತೆ ವಿಗ್ ಕಟ್ಟುವವರು. ಹೆಚ್ಚಾಗಿ ನಾಟಕದವರಿಗೆ, ಅಪರೂಪಕ್ಕೆ ಫೋಟೋ ತೆಗೆಸುವಷ್ಟು ಹೊತ್ತು ಮಾತ್ರ ಕೂದಲು ಬೇಕೆನ್ನುವವರಿಗೆ. ನಾನು, ನನ್ನ ಹೆಂಡತಿ ಇರುವುದು ಅವರ ಮನೆಯಲ್ಲೇ. ಬೀದಿ ಕಡೆಯ ಕೋಣೆ ಅವರ ಅಂಗಡಿ. ಗೋಡೆಯುದ್ದಕ್ಕೂ ಒಂದು ಹಲಗೆ, ಅದರ ಮೇಲೆ ಸಾಲಾಗಿ ಮರದ ತಲೆಗಳು. ಮರದ ತಲೆಗೆ ತೆಳ್ಳನೆಯ ಜಾಲರಿ ಬಿಗಿದು, ಕೊಕ್ಕೆಯಂಥ ಸೂಜಿಯಿಂದ ಒಂದೊಂದೇ ಎಳೆ ಕೂದಲನ್ನು ಆ ಜಾಲರಿಗೆ ಗಂಟು ಹಾಕುತ್ತ ಹೋಗುವುದು ಕೆಲಸ. ನಲವತ್ತು ವರ್ಷ ಅದನ್ನೇ ಮಾಡಿ ಅವರ ಹೆಬ್ಬೆರಳು, ತೋರುಬೆರಳು ಒಂದು ಚಿಮಟವಾಗಿಬಿಟ್ಟಿವೆ. ಮೇಜಿನಿಂದ ಜಾರಿದ ಕೂದಲಿನ ಕಟ್ಟು ನೆಲಕ್ಕೆ ತಾಗಿದ್ದನ್ನು ನಾನು ನೋಡಿಲ್ಲ. ನಡುವೆಯೇ ಆ ಚಿಮಟ ಬಂದು ಹಿಡಿದುಬಿಡುತ್ತದೆ. ಅವರ ಕಣ್ಣು ಆಗ ಬೇರೆಲ್ಲೋ ಇರುತ್ತದೆ.

ಆ ಬೆಳಿಗ್ಗೆ ನಡೆದದ್ದೂ ಅದೇ. ಹಿತ್ತಲಿನ ಶೆಡ್ಡಿನಲ್ಲಿ ನಾನು ಹಕ್ಕಿಯನ್ನು ತೂಗಿ ಮುಗಿಸಿ ಎಡಗೈಯಲ್ಲಿ ಹಿಡಿದಿದ್ದೆ. ಅತ್ತೆ ಕಾಫಿ ತಂದರು. "ಬಿಸಿ ಇದೆ, ಹಿಡ್ಕೊಳ್ಳಿ" ಎಂದರು. ಹಿರಿಯರು ಹಿಡ್ಕೊಳ್ಳಿ ಎಂದರೆ ಹಿಡಿದುಕೊಳ್ಳುವುದು ನನ್ನ ಅಭ್ಯಾಸ. ಎಡಗೈ ಚಾಚಿದೆ. ಹಕ್ಕಿ ಅತ್ತೆಯ ಭುಜದ ಪಕ್ಕದಿಂದ ಹಾರಿತು, ಚಿಮಟ ಹೋಗಿ ಹಿಡಿಯಿತು, ಹಿಂದಿನ ತುದಿಯನ್ನು. ಕಾಫಿ ಒಂದು ತೊಟ್ಟೂ ಚೆಲ್ಲಲಿಲ್ಲ.

ಹಕ್ಕಿ ಬಾಗಿಲಿನಿಂದ ಹೊರಗೆ ಹೋಗಿ ಪೊದೆಯಲ್ಲಿ ಮರೆಯಾಯಿತು. ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಂಡರು. ಬೀಸಣಿಗೆಯ ಹಾಗೆ ಹರಡಿದ್ದ ತುಕ್ಕುಗೆಂಪು ಗರಿಗಳು, ಒಂದೂ ಮುರಿಯದೆ, ಬುಡಸಮೇತ ಅಲ್ಲಿದ್ದವು. ಅವನ್ನು ನನ್ನ ಮುಂದೆ ಹಿಡಿದು ಕೇಳಿದರು:

"ಅಳಿಯಂದ್ರೇ, ಇದನ್ನ ವಾಪಸ್ ಎಲ್ಲಿಗೆ ಸಿಗಿಸೋದು?"

ಆ ಹಕ್ಕಿ ಕಾಡುಸಿಳ್ಳಾರ, ಬೇಸಿಗೆಯನ್ನು ನಮ್ಮ ಈ ಉತ್ತರದ ಚಳಿ ಸೀಮೆಯಲ್ಲಿ ಕಳೆಯುವಂಥದ್ದು. ಮುಷ್ಟಿಯೊಳಗೆ ಕೂರುವಷ್ಟು ಗಾತ್ರ. ಬೆನ್ನು ಒಣಗಿದೆಲೆಯ ಕಂದು, ಎದೆ ಹಾಲುಕೆನೆಯ ಬಣ್ಣ, ಅದರ ಮೇಲೆ ಯಾರೋ ಶಾಯಿ ಪೆನ್ನು ಕೊಡವಿದಂತೆ ಕಪ್ಪು ಚುಕ್ಕೆಗಳು. ಕಣ್ಣಿನ ಸುತ್ತ ಬಿಳಿ ಬಳೆ ಇರುವುದರಿಂದ ಸದಾ ಈಗಷ್ಟೇ ಯಾವುದೋ ಸುದ್ದಿ ಕೇಳಿ ದಂಗಾದ ಮುಖ. ಮೈಮೇಲೆ ಶೋಕಿ ಎನ್ನುವಂಥದ್ದು ಬಾಲ ಒಂದೇ. ಕೊಂಬೆಯ ಮೇಲೆ ಇಳಿದ ಕೂಡಲೇ ಅದನ್ನು ಪಟ್ಟನೆ ಎತ್ತಿ, ಯಾರಾದರೂ ನೋಡಿದರೋ ಎಂದು ಕಾಯುವಂತೆ ನಿಧಾನವಾಗಿ ಇಳಿಸುತ್ತದೆ. ವಸಂತದ ಸಂಜೆಗಳಲ್ಲಿ ಗಂಡು ಹಾಡುವಾಗ ಗಂಟಲಿನ ಎರಡು ಕವಲುಗಳಿಂದ ಒಟ್ಟಿಗೇ ಎರಡು ಸ್ವರ ಹೊರಡಿಸುತ್ತದೆ. ಸೆಪ್ಟೆಂಬರ್ ಬಂತೆಂದರೆ ಹಾಡು ಬಂದ್. ಆಗೊಮ್ಮೆ ಈಗೊಮ್ಮೆ 'ಚಕ್' ಅನ್ನುವುದು, ಉಳಿದಂತೆ ತಿನ್ನುವುದು. ಬೀಗದ ಕೈ ಕಳೆದುಕೊಂಡವರ ಹಾಗೆ ನೆಲದ ಎಲೆಗಳನ್ನೆಲ್ಲ ಕೊಕ್ಕಿನಿಂದ ಎತ್ತಿ ಎತ್ತಿ ಎಸೆಯುತ್ತ ಹುಳ ಹುಡುಕುತ್ತದೆ, ಬೇಸರವಾದರೆ ಪೊದೆ ಹತ್ತಿ ಹಣ್ಣು ನುಂಗುತ್ತದೆ. ತಿಂದದ್ದೆಲ್ಲ ಕೊಬ್ಬಾಗಿ ಚರ್ಮದಡಿ ಕೂರುತ್ತದೆ. ತಿಂಗಳ ಕೊನೆಗೆ ಉತ್ತರದಿಂದ ತಣ್ಣನೆಯ ಗಾಳಿ ತಿರುಗಿ ಆಕಾಶ ತಿಳಿಯಾದ ಮೊದಲ ಸಂಜೆ, ಸೂರ್ಯ ಮುಳುಗಿದ ಮೇಲೆ, ಯಾರಿಗೂ ಹೇಳದೆ ಒಂಟಿಯಾಗಿ ದಕ್ಷಿಣಕ್ಕೆ ಹೊರಡುತ್ತದೆ. ನಕ್ಷತ್ರಗಳನ್ನೂ ಭೂಮಿಯ ಅಯಸ್ಕಾಂತವನ್ನೂ ನಂಬಿ ಸಾವಿರಾರು ಕಿಲೋಮೀಟರು. ದಾರಿ ಎಂದೂ ನೋಡಿರದ ಆ ವರ್ಷದ ಮರಿಗಳೂ ಹಾಗೆಯೇ ಹೋಗುತ್ತವೆ.

ಇದೆಲ್ಲವನ್ನೂ ಅತ್ತೆಗೆ ಹೇಳಿದೆ. ಬಾಲದ ವಿಷಯವನ್ನೂ ಹೇಳಿದೆ. ಶತ್ರು ಹಿಂದಿನಿಂದ ಹಿಡಿದಾಗ ಹಕ್ಕಿ ಬಾಲವನ್ನು ತಾನಾಗಿಯೇ ಸಡಿಲಿಸಿ ಕೊಟ್ಟು ಪ್ರಾಣ ಉಳಿಸಿಕೊಳ್ಳುತ್ತದೆ. ಗರಿ ಬುಡಸಮೇತ ಬಂದಿರುವುದರಿಂದ ಅದೇ ಜಾಗದಲ್ಲಿ ಹೊಸದು ಹುಟ್ಟಲು ಆಗಲೇ ಶುರುವಾಗಿರುತ್ತದೆ. ನೋವಿಲ್ಲ, ರಕ್ತವಿಲ್ಲ, ಕೆಲವು ವಾರ ತಿರುವುಗಳಲ್ಲಿ ಸ್ವಲ್ಪ ಓಲಾಡುತ್ತದೆ, ಅಷ್ಟೆ.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ನೀವು ಹಾಗೇ ಹೇಳ್ತೀರಿ. ನಾನು ಉಪ್ಪು ಹಾಕೋದು ಮರೆತ ದಿನಾನೂ 'ತುಂಬಾ ಚೆನ್ನಾಗಿದೆ ಅತ್ತೆ' ಅಂದೋರು ನೀವು."

ಒಂದು ಅಳತೆ ಸುಳ್ಳೆಂದು ಗೊತ್ತಾದರೆ ಅದೇ ಕೈ ತೆಗೆದ ಉಳಿದ ಅಳತೆಗಳನ್ನೂ ಅನುಮಾನಿಸಿ ಎಂದು ನಾನೇ ತರಗತಿಯಲ್ಲಿ ಹೇಳುತ್ತೇನೆ. ಪಠ್ಯಪುಸ್ತಕ ತಂದು ತೋರಿಸಿದೆ. ಬರೆದವರ ಹೆಸರಿನ ಮುಂದಿನ ಪದವಿಗಳನ್ನು ನೋಡಿ, ಇವರೂ ನಿಮ್ಮ ಪೈಕಿಯೇ ಅಲ್ಲವೇ ಎಂದು ಪಕ್ಕಕ್ಕಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ಇದರಲ್ಲಿ ಕಥೆ ಏನೂ ಇರುತ್ತಿರಲಿಲ್ಲ. ಆದರೆ ಅತ್ತೆಯ ಅಂಗಡಿಗೆ ಒಂದು ನಿಯಮವಿದೆ. ಕೆಟ್ಟು ಬಂದ ಕೆಲಸ ಸರಿಯಾಗುವ ತನಕ ಬೇರೆ ಯಾವ ಕೆಲಸಕ್ಕೂ ಸೂಜಿ ಹಾಕುವಂತಿಲ್ಲ. ಕೆಟ್ಟದ್ದು ಅವರ ಕೈಯಿಂದಲೇ ಕೆಟ್ಟಿದ್ದರಂತೂ ಮುಗಿದೇ ಹೋಯಿತು. ಇದನ್ನು ಅವರಿಗೆ ಕಲಿಸಿದವರು ಅವರ ಚಿಕ್ಕಮ್ಮ. ಕೆಟ್ಟದ್ದನ್ನು ಮೂಲೆಗಿಟ್ಟು ಬೇರೆಯದಕ್ಕೆ ಕೂತರೆ ಕೈ ಅಲ್ಲಿಂದ ಮುಂದೆ ಸಣ್ಣಪುಟ್ಟ ಸುಳ್ಳು ಹೇಳಲು ಕಲಿಯುತ್ತದೆ, ಆಮೇಲೆ ಅದನ್ನು ಬಿಡಿಸಲಾಗುವುದಿಲ್ಲ ಎಂಬುದು ಅವರ ವಾದ. ಅತ್ತೆ ಈ ನಿಯಮವನ್ನು ಒಂದು ಸಲವೂ ಮುರಿದವರಲ್ಲ. ಮುರಿದ ದಿನ ಅಂಗಡಿ ಮುಚ್ಚುತ್ತೇನೆ ಎಂದು ಹೇಳುತ್ತಿದ್ದರು, ಹೇಳಿದ್ದನ್ನು ಮಾಡುವವರು ಕೂಡ. ಕೆಟ್ಟ ಕೆಲಸಗಳಿಗೆಂದೇ ಬಾಗಿಲ ಪಕ್ಕ ಒಂದು ಕೊಕ್ಕೆ ಇದೆ. ಆ ಮಧ್ಯಾಹ್ನ ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಗರಿಗಳು ದಾರ ಕಟ್ಟಿಸಿಕೊಂಡು ಆ ಕೊಕ್ಕೆಯಲ್ಲಿ ತೂಗುತ್ತಿದ್ದವು. ಜೊತೆಗೆ ಒಂದು ಚೀಟಿ: 'ಗಿರಾಕಿ: ಹಕ್ಕಿ. ಬಾಲ, ಒಂದು.'

ಹಲಗೆಯ ಮೇಲೆ ಆಗ ಇದ್ದದ್ದು ರಾಜನ ವಿಗ್. ರಾಜ ಎಂದರೆ ನಮ್ಮ ಊರಿನ ನಾಟಕ ಕಂಪನಿಯ ಮಾಲೀಕ. ಇಪ್ಪತ್ತು ವರ್ಷದಿಂದ ರಾಜನ ಪಾತ್ರ ಬಿಟ್ಟು ಬೇರೆ ಮಾಡಿಲ್ಲವಾದ್ದರಿಂದ ಬೀದಿಯಲ್ಲೂ ಎಲ್ಲರೂ ಹಾಗೇ ಕರೆಯುತ್ತಾರೆ. ತಲೆ ನುಣ್ಣಗೆ. ಹೊಸ ನಾಟಕ ಇಪ್ಪತ್ತೆಂಟನೇ ತಾರೀಖಿಗೆ. ವಿಗ್ಗಿನ ಹಿಂಭಾಗ ಮುಗಿದಿತ್ತು, ಹಣೆಯ ಕಡೆಯ ನಾಲ್ಕು ಬೆರಳಗಲ ಬಾಕಿ ಇತ್ತು. ಮೂರು ದಿನದ ಕೆಲಸ. ಅತ್ತೆ ಅದರ ಮೇಲೆ ಬಟ್ಟೆ ಹೊದಿಸಿಟ್ಟರು.

ಸುದ್ದಿ ತಿಳಿದು ರಾಜ ಓಡಿ ಬಂದರು. ಅವರು ಬಂದದ್ದು ಹಿತ್ತಲಿನಲ್ಲಿದ್ದ ನನಗೂ ಕೇಳಿಸಿತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವಳು. ರಾಜನ ಪಿಸುಮಾತು ಉಳಿದವರ ಜಗಳದಷ್ಟಿದೆ ಎಂದು ಅವಳು ಯಂತ್ರ ಹಿಡಿದು ಅಳೆದೇ ಹೇಳಿದ್ದಾಳೆ. ಒಂದು ಹಕ್ಕಿಯ ಹಿಂದೆ ಸಾಲು ನಿಲ್ಲಬೇಕಾಗಿ ಬಂದದ್ದು ಅವರಿಗೆ ಅವಮಾನವಾಗಿತ್ತು. ಅದಕ್ಕಿಂತ ಮೊದಲು ನಾನು ಬಂದವನಲ್ಲವೇ ಎಂದರು. ಕೊನೆಗೆ, ಈ ರಾಜನಿಗೆ ಹಣೆ ಸ್ವಲ್ಪ ದೊಡ್ಡದು ಅಂದುಕೊಳ್ಳೋಣ, ಮುಗಿದಷ್ಟೇ ಕೊಟ್ಟುಬಿಡಿ ಎಂದು ಬೇಡಿಕೊಂಡರು.

"ಮೂರನೇ ಅಂಕದಲ್ಲಿ ಏನಾಗತ್ತೆ?" ಎಂದರು ಅತ್ತೆ.

ಮೂರನೇ ಅಂಕದಲ್ಲಿ ರಾಜ ಯುದ್ಧದಲ್ಲಿ ಬೀಳುತ್ತಾನೆ. ರಾಣಿ ಓಡಿ ಬಂದು ಅವನ ಮುಂಗೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಗೋಳಾಡುತ್ತಾಳೆ. ರಾಣಿಯಾಗುವವರು ರಾಜನ ಹೆಂಡತಿಯೇ. ಆ ದೃಶ್ಯವನ್ನು ಅವರು ಮನಸ್ಸಿಟ್ಟು ಮಾಡುತ್ತಾರೆ ಎಂದು ಊರಿನಲ್ಲಿ ಹೆಸರಿದೆ.

"ಮುಂದೆ ಕೂದಲಿಲ್ಲದಿದ್ರೆ ರಾಣಿ ಏನು ಹಿಡ್ಕೊಂಡು ಅಳೋದು, ಕಿವಿಯಾ?"

ರಾಜ ತಮ್ಮ ಕಿವಿ ಮುಟ್ಟಿಕೊಂಡರು.

ಅಲ್ಲಿಂದ ಅತ್ತೆ ಬಾಲದ ಕೆಲಸಕ್ಕೆ ಕೂತರು. ಕೆಟ್ಟದ್ದನ್ನು ಸರಿ ಮಾಡಲು ಸೂಜಿ ಹಿಡಿಯಬಹುದಲ್ಲ. ತುಕ್ಕುಗೆಂಪಿಗೆ ಹೊಂದುವ ಕೂದಲನ್ನು ಮೂರು ಕಟ್ಟುಗಳಿಂದ ಆರಿಸಿ, ಜಾಲರಿಯ ಚೂರಿಗೆ ಗಂಟು ಹಾಕಿ, ಎರಡು ದಿನದಲ್ಲಿ ಒಂದು ಬಾಲ ತಂದು ನನ್ನ ಮುಂದಿಟ್ಟರು. ಅಂಚಿನಲ್ಲಿ ಕಂದು, ನಡುವೆ ಕೆಂಪು, ತುದಿಯಲ್ಲಿ ಸವೆತದ ಮಾಸಲು ಕೂಡ ಇತ್ತು. ಮೀಸೆ ಅಂಟಿಸುವ ಗೋಂದಿನಿಂದ ಕೂರಿಸಿದರೆ ನಾಲ್ಕು ಪ್ರದರ್ಶನಕ್ಕೆ ತೊಂದರೆಯಿಲ್ಲ, ಬೆವರದಿದ್ದರೆ ಐದಕ್ಕೂ ಆಗುತ್ತದೆ ಎಂದರು. ನಾನು ಅದನ್ನು ತಕ್ಕಡಿಯಲ್ಲಿಟ್ಟೆ. ನಿಜವಾದ ಬಾಲದ ನಾಲ್ಕು ಪಟ್ಟು ತೂಕ. ಇದನ್ನು ಅಂಟಿಸಿದರೆ ಹಕ್ಕಿ ಹಾರುವಾಗ ಎದೆ ಆಕಾಶಕ್ಕೆ ಮಾಡಿಕೊಂಡು ಹೋಗುತ್ತದೆ ಎಂದೆ. ಅತ್ತೆ ಒಳಗೆ ಹೋಗಿ ಕೂದಲು ತೆಳುಮಾಡಿದರು. ಮತ್ತೆ ತೂಗಿದೆ. ಮತ್ತೆ ತೆಳುಮಾಡಿದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಅಮ್ಮಾ, ಬೈತಲೆ ಒಂದು ತೆಗೀಬೇಡ" ಎಂದಳು. ತೂಕ ಸರಿಹೋಗುವ ಹೊತ್ತಿಗೆ ಬಾಲದಲ್ಲಿ ಇದ್ದದ್ದು ಏಳು ಕೂದಲು.

ಅಂಟಿಸುವುದಕ್ಕೆ ನಾನು ಒಪ್ಪಲಿಲ್ಲ. ಪರವಾನಗಿಯ ಷರತ್ತುಗಳನ್ನು ಓದಿ ಹೇಳಿದೆ. ಹಕ್ಕಿಗೆ ಗೋಂದು ಹಚ್ಚಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲವಲ್ಲ ಎಂದರು ಅತ್ತೆ. ನಿಜ. ಬರೆದವರಿಗೆ ಅಂಥ ಸಂದರ್ಭ ಹೊಳೆದಿರಲಾರದು.

ಹಕ್ಕಿ ಎಲ್ಲೂ ಹೋಗಿರಲಿಲ್ಲ. ಹಿತ್ತಲಿನ ಹಣ್ಣಿನ ಪೊದೆಯಲ್ಲೇ ಇತ್ತು. ಬಾಲವಿಲ್ಲದ ಸಿಳ್ಳಾರ ಕಾಲು ಬಂದ ಮೊಟ್ಟೆಯಂತೆ ಕಾಣುತ್ತದೆ. ಹೆಂಡತಿ ಅದಕ್ಕೆ ಮೊಟ್ಟೆ ಎಂದೇ ಹೆಸರಿಟ್ಟಳು. ಕೊಂಬೆಗೆ ಇಳಿದ ಕೂಡಲೇ, ಇಲ್ಲದ ಬಾಲವನ್ನು ಎತ್ತಲು ಹೋಗಿ ಮುಂದಕ್ಕೆ ವಾಲುತ್ತಿತ್ತು. ಪ್ರತಿ ಸಲವೂ ಅದೇ ಬೆರಗಿನ ಮುಖ. ಅತ್ತೆ ರಾಜನಿಂದ ನಾಟಕ ನೋಡುವ ದುರ್ಬೀನು ತರಿಸಿಕೊಂಡು ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಅದು ವಾಲಿದಾಗಲೆಲ್ಲ ಅವರ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಸೆರಗಿನಲ್ಲಿ ಅಡಗುತ್ತಿತ್ತು. ಊಟ ಕಡಿಮೆ ಮಾಡಿದ್ದರು. ಬೇರೆ ಗಿರಾಕಿಗಳನ್ನು ವಾಪಸು ಕಳಿಸುತ್ತಿದ್ದರು. ಇಪ್ಪತ್ತೆಂಟರೊಳಗೆ ರಾಜನ ವಿಗ್ ಹೋಗದಿದ್ದರೆ ಕಂಪನಿ ಬೇರೆಯವರನ್ನು ನೋಡಿಕೊಳ್ಳುತ್ತದೆ, ಕಂಪನಿ ಹೋದರೆ ಅಂಗಡಿಯಲ್ಲಿ ಉಳಿಯುವುದು ಮರದ ತಲೆಗಳು ಮಾತ್ರ. ಇದು ಅವರಿಗೂ ಗೊತ್ತಿತ್ತು. ನಿಯಮ ಮುರಿದು ಕಟ್ಟಿಕೊಟ್ಟರೂ ಅಂಗಡಿ ಮುಚ್ಚಿದಂತೆಯೇ, ಅವರ ಲೆಕ್ಕದಲ್ಲಿ.

ಎರಡನೇ ವಾರ ಮೊಟ್ಟೆಯ ಹಿಂಭಾಗದಲ್ಲಿ ಒಂದು ಸಣ್ಣ ಕುಂಚದಂಥದ್ದು ಕಾಣಿಸಿತು. ನಾನು ಅತ್ತೆಯನ್ನು ಕರೆದು ತೋರಿಸಿದೆ. ದುರ್ಬೀನಿನಲ್ಲಿ ನೋಡಿ, ಅದೇನೋ ಕಸ ಅಂಟಿಕೊಂಡಿದೆ ಎಂದರು. ಮೂರನೇ ವಾರ ಕುಂಚ ಉದ್ದವಾಯಿತು. ಕಸವೂ ಉದ್ದವಾಯಿತಲ್ಲ ಎಂದಳು ಹೆಂಡತಿ. ಅತ್ತೆ ಜಗ್ಗಲಿಲ್ಲ. ದೂರದಿಂದ ನೋಡಿ ಒಪ್ಪುವ ಪದ್ಧತಿ ತಮ್ಮಲ್ಲಿಲ್ಲ, ಗಿರಾಕಿ ಎದುರಿಗೆ ಬಂದು ಅಳತೆ ಕೊಡಲಿ ಎಂದುಬಿಟ್ಟರು.

ಎಂದರೆ ಮೊಟ್ಟೆಯನ್ನು ಮತ್ತೆ ಹಿಡಿಯಬೇಕು. ಒಮ್ಮೆ ಬಲೆಗೆ ಬಿದ್ದ ಹಕ್ಕಿ ಸುಲಭಕ್ಕೆ ಮತ್ತೆ ಬೀಳುವುದಿಲ್ಲ. ನಾನು ರಜೆಯ ದಿನಗಳಲ್ಲಿ ಬಲೆ ಕಟ್ಟಿದೆ. ಮೊಟ್ಟೆ ಎಲೆ ತಿರುವುತ್ತ ಬಲೆಯ ಬುಡಕ್ಕೆ ಬಂದು, ಒಣಗಲು ಹಾಕಿದ ಬಟ್ಟೆಯ ಕೆಳಗೆ ನುಸುಳುವವರ ಹಾಗೆ ತಲೆ ತಗ್ಗಿಸಿ ಅತ್ತ ಕಡೆ ಹೋಗಿ, ಅಲ್ಲಿ ಎಲೆ ತಿರುವಿತು. ದಿನಾ ಬಲೆ ಹಾಕಿ ಅದನ್ನು ಗಾಬರಿ ಮಾಡುವಂತಿರಲಿಲ್ಲ. ಆ ದಿನಗಳಲ್ಲಿ ಅದಕ್ಕೆ ತಿನ್ನುವುದಕ್ಕೆ ಸಿಗುವ ಹೊತ್ತೇ ಬಂಡವಾಳ.

ಇಪ್ಪತ್ನಾಲ್ಕರ ಮಧ್ಯಾಹ್ನ ಗಾಳಿ ತಿರುಗಿತು. ಕಾಲೇಜಿನ ಧ್ವಜ ದಕ್ಷಿಣಕ್ಕೆ ಹರಡಿ ನಿಂತಿತ್ತು. ಅಂದು ಸಂಜೆ ಇನ್ನೂ ಮೋಡವಿತ್ತು. ಮರುದಿನ ಆಕಾಶ ಪೂರ್ತಿ ತಿಳಿಯಾಗುತ್ತದೆ ಎಂದು ಹವಾಮಾನ ಇಲಾಖೆ ಹೇಳಿತ್ತು. ಹೊರಡುವುದಾದರೆ ಮೊಟ್ಟೆ ನಾಳೆ ಸಂಜೆ ಹೊರಡುತ್ತದೆ. ವಿಗ್ಗಿಗೆ ಬೇಕಾದದ್ದು ಮೂರು ದಿನ, ಉಳಿದದ್ದೂ ಮೂರೇ ದಿನ. ರಜೆ ಹಾಕಿದೆ. ಊಟದ ಹೊತ್ತಿಗೆ ವಿಗ್ ವಿಚಾರಿಸಲು ಬಂದು ವಿಷಯ ಕೇಳಿದ ರಾಜ, ನಾನೂ ಬರುತ್ತೇನೆ ಎಂದರು. ಬೇಡ ಎನ್ನಲು ನನಗೆ ಬರಲಿಲ್ಲ. ಮೊದಲೇ ಹೇಳಿದೆನಲ್ಲ, ಅದು ನನ್ನ ಸ್ವಭಾವ.

ಇಪ್ಪತ್ತೈದರ ಬೆಳಿಗ್ಗೆ ಬಲೆಯನ್ನು ಈ ಸಲ ನೆಲ ಮುಟ್ಟುವಂತೆ ಇಳಿಸಿ ಕಟ್ಟಿದೆ. ರಾಜ ಪೊದೆಯ ಆಚೆ ಬದಿಯಿಂದ ನಿಧಾನವಾಗಿ ನಡೆದು ಬರಬೇಕು, ಮೊಟ್ಟೆ ಅವರಿಂದ ದೂರ ಸರಿಯುತ್ತ ಬಲೆಯ ಕಡೆಗೆ ಬರುತ್ತದೆ, ಇಷ್ಟೇ ಯೋಜನೆ. ಒಂದೇ ಷರತ್ತು, ಬಾಯಿ ತೆರೆಯಬಾರದು. ಹೆಂಡತಿ ಅವರನ್ನು ಪಕ್ಕಕ್ಕೆ ಕರೆದು, ಪಿಸುಗುಟ್ಟುವುದು ಎಂದರೂ ಬಾಯಿ ತೆರೆದಂತೆಯೇ ಎಂದು ಬಿಡಿಸಿ ಹೇಳಿದಳು. ರಾಜ ಮಾತಿಲ್ಲದೆ ತಲೆಯಾಡಿಸಿದರು. ಕಪ್ಪು ಬಟ್ಟೆ ತೊಟ್ಟಿದ್ದರು. ಎರಡನೇ ಅಂಕದಲ್ಲಿ ಬೇಟೆಯ ದೃಶ್ಯವಿದೆಯಂತೆ. ಅದರ ನಡಿಗೆಯಲ್ಲೇ ಹೊರಟರು. ಒಂದು ಹೆಜ್ಜೆ, ಹಿಂದಿನ ಸಾಲಿನವರೂ ನೋಡಲೆಂದು ಒಂದು ನಿಲುಗಡೆ, ಇನ್ನೊಂದು ಹೆಜ್ಜೆ.

ನಾನು, ಹೆಂಡತಿ, ಅತ್ತೆ ಶೆಡ್ಡಿನ ಹಿಂದೆ ಕೂತಿದ್ದೆವು. ಮೊಟ್ಟೆ ಎಲೆ ಎತ್ತಿ ಎಸೆಯುತ್ತ ಎಸೆಯುತ್ತ ಬಲೆಗೆ ಆರು ಅಡಿ ದೂರಕ್ಕೆ ಬಂತು. ನಿಂತಿತು. ಬಲೆ ನೋಡಿತು. ಅದರ ಮುಖದ ಬೆರಗು ಈ ಸಲ ನಿಜವಾದದ್ದೆಂದು ನನಗೆ ಅನಿಸಿತು. ತಿರುಗಿ ವಾಪಸು ಹೊರಟಿತು.

ಅಷ್ಟರಲ್ಲಿ ರಾಜನ ಕಾಲಡಿ ಒಂದು ಕಡ್ಡಿ ಲಟ್ ಎಂದಿತು. ರಂಗದ ಮೇಲೆ ಎಡವಟ್ಟಾದರೆ ಮಾತಿನಿಂದ ಮುಚ್ಚಬೇಕು, ಮೌನ ಇರಬಾರದು ಎಂಬುದು ಅವರ ಇಪ್ಪತ್ತು ವರ್ಷದ ಶಿಸ್ತು. ರಾಜ ಎದೆ ಸೆಟೆಸಿ ನಿಂತು ಹೇಳಿದರು:

"ಯಾರಲ್ಲಿ?"

ಪೊದೆಯಲ್ಲಿದ್ದದ್ದೆಲ್ಲ ಎದ್ದಿತು. ಇವೆ ಎಂದು ನನಗೇ ಗೊತ್ತಿಲ್ಲದ ಹಕ್ಕಿಗಳು ಎದ್ದವು. ಪಕ್ಕದ ಮನೆಯಲ್ಲಿ ಯಾರೋ ಕಿಟಕಿ ತೆರೆದು ಮತ್ತೆ ಮುಚ್ಚಿದರು. ಬಲೆಯಲ್ಲಿ ಎರಡು ಸಣ್ಣ ಹಸಿರು ಹಕ್ಕಿ, ಈ ವ್ಯವಹಾರಕ್ಕೆ ಏನೇನೂ ಸಂಬಂಧವಿಲ್ಲದ ಒಂದು ಮರಕುಟಿಗ, ಮತ್ತು ಮೊಟ್ಟೆ.

ಮರಕುಟಿಗ ನನ್ನ ಬೆರಳಿಗೆ ಎರಡು ಕುಟ್ಟಿ ಬಿಡುಗಡೆಯಾಯಿತು, ಹಸಿರು ಹಕ್ಕಿಗಳನ್ನೂ ಬಿಟ್ಟೆ. ಮೊಟ್ಟೆಯನ್ನು ಶೆಡ್ಡಿನ ಮೇಜಿನ ಬಳಿಗೆ ತಂದೆ. ಉಂಗುರದ ನಂಬರು ಅದೇ. ಅತ್ತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಂದು ನಿಂತರು. ಕೊಕ್ಕೆಯಿಂದ ಹಳೆಯ ಗರಿಗಳನ್ನು ತರಲು ಮಗಳನ್ನು ಕಳಿಸಿದರು. ತಾವು ಸೂಜಿ ಕೆಲಸಕ್ಕೆ ಹಾಕುವ ಭೂತಗನ್ನಡಿಯನ್ನು ಹಣೆಯಿಂದ ಕಣ್ಣಿಗೆ ಇಳಿಸಿಕೊಂಡು ಕೈಗಳನ್ನು ಮತ್ತೆ ಹಿಂದೆ ಕಟ್ಟಿದರು.

ಹಳೆಯ ಗರಿಗಳು ಮೇಜಿನ ಮೇಲೆ, ಪಕ್ಕದಲ್ಲಿ ನನ್ನ ಕೈಯಲ್ಲಿ ಹೊಸವು. ಹನ್ನೆರಡಕ್ಕೆ ಹನ್ನೆರಡೂ ಇದ್ದವು. ಆದರೆ ಹಳೆಯದಕ್ಕಿಂತ ಒಂದು ಬೆರಳಗಲ ಗಿಡ್ಡ. ಬುಡದಲ್ಲಿ ಇನ್ನೂ ನೀಲಿ ಕೊಳವೆಯಂಥ ಹೊದಿಕೆ, ತುದಿ ಮಾತ್ರ ಬಿಚ್ಚಿಕೊಂಡಿತ್ತು.

"ಮುಗಿದಿಲ್ಲ" ಎಂದರು ಅತ್ತೆ.

ಬಾಗಿಲಲ್ಲಿ ರಾಜ ಕುಸಿದು ಕೂತದ್ದು ಕೇಳಿಸಿತು. ಗಿರಾಕಿಗೆ ಅರ್ಧ ಕೆಲಸ ಒಪ್ಪಿಸುವಂತಿಲ್ಲ. ಗಿರಾಕಿಯೋ ಸಂಜೆಗೆ ಊರು ಬಿಡುವವನು.

ಅತ್ತೆ ಮಾತ್ರ ಕಣ್ಣು ತೆಗೆದಿರಲಿಲ್ಲ. ಭೂತಗನ್ನಡಿ ಒಂದು ಗರಿಯಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಬುಡಗಳ ನಡುವಿನ ಅಂತರ ನೋಡಿದರು. ಎಡಗಡೆಯ ಆರನ್ನು ಬಲಗಡೆಯ ಆರರ ಜೊತೆ ಹೋಲಿಸಿದರು. ಅಂಚಿನ ಗರಿಯಿಂದ ನಡುವಿನ ಗರಿಗೆ ಕೆಂಪು ಹೇಗೆ ಏರುತ್ತದೆ ಎಂದು ಹಿಂದಕ್ಕೆ ಮುಂದಕ್ಕೆ ಹೋಗಿ ನೋಡಿದರು. ಅವರ ಉಸಿರು ಹಕ್ಕಿಯ ಬೆನ್ನಿನ ಗರಿಗಳನ್ನು ಕದಲಿಸುತ್ತಿತ್ತು.

"ಇದನ್ನ ಯಾರು ಕಟ್ತಾ ಇರೋದು?"

"ಅದೇ ಕಟ್ಕೊಳ್ತಾ ಇದೆ ಅತ್ತೆ."

"ಹನ್ನೆರಡನ್ನೂ ಒಟ್ಟಿಗೆ?"

"ಹೂಂ."

"ಅಳತೆ ಯಾರೂ ಕೊಡದೆ?"

"ಯಾರೂ ಕೊಡದೆ."

ಅವರು ಭೂತಗನ್ನಡಿ ಮೇಲೆತ್ತಿ ನನ್ನನ್ನೇ ನೋಡಿದರು. ಇದು ಉಪ್ಪಿನ ಜಾತಿಯ ಮಾತೋ ಬೇರೆಯೋ ಎಂದು ತೂಗುತ್ತಿದ್ದಾರೆ ಎಂದು ಗೊತ್ತಾಯಿತು. ತಕ್ಕಡಿಯ ಮೇಲೆ ಅನುಮಾನ ಬಂದರೆ ಗೊತ್ತಿರುವ ತೂಕವೊಂದನ್ನು ಇಟ್ಟು ನೋಡಬೇಕು, ಬೇರೆ ದಾರಿಯಿಲ್ಲ.

"ಅತ್ತೆ, ನಿನ್ನೆ ರಾತ್ರಿ ಅಡುಗೆ ಚೆನ್ನಾಗಿರ್ಲಿಲ್ಲ" ಎಂದೆ. "ಪಲ್ಯ ತಳ ಹಿಡಿದಿತ್ತು."

ಹೆಂಡತಿ ನನ್ನ ಕಾಲು ತುಳಿದಳು.

"ಹಿಡಿದಿತ್ತು" ಎಂದರು ಅತ್ತೆ, ಮೆಲ್ಲಗೆ. "ನಾನು ಮಾಡುವಾಗ್ಲೇ ಗೊತ್ತಾಯ್ತು."

ಮತ್ತೆ ಕನ್ನಡಿ ಇಳಿಸಿ ಬಾಲವನ್ನು ನೋಡಿದರು. ಈಗ ನೋಡುವ ರೀತಿ ಬೇರೆಯಾಗಿತ್ತು. ಬೇರೆ ಅಂಗಡಿಯ ಕೆಲಸ ಕೈಗೆ ಬಂದಾಗ ಅವರು ಹಾಗೆ ನೋಡುತ್ತಾರೆ. ತಪ್ಪು ಹುಡುಕಲು ಶುರುಮಾಡಿ, ಸಿಗದೆ ಹೋದಾಗ ತುಟಿ ಬಿಗಿ ಮಾಡುತ್ತಾರೆ. ತುಟಿ ಬಿಗಿಯಾಯಿತು.

"ಇದು ನನ್ನ ಕೆಲಸ ಅಲ್ಲ ಅಳಿಯಂದ್ರೇ. ಯಾರೋ ಚೆನ್ನಾಗಿ ಬಲ್ಲೋರು ಆಗ್ಲೇ ಸೂಜಿ ಹಾಕಿದಾರೆ. ಇನ್ನೊಬ್ಬರು ಹಿಡಿದ ಕೆಲಸಕ್ಕೆ ನಾನು ಕೈ ಹಾಕೋಳಲ್ಲ."

ಗರಿಗಳಿಗೆ ಕಟ್ಟಿದ್ದ ಚೀಟಿಯನ್ನು ಬಿಚ್ಚಿ, ನಾಲ್ಕಾಗಿ ಹರಿದು, ಚೂರುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಬೆನ್ನ ಹಿಂದೆ ಹೋಗಿದ್ದ ಕೈಗಳು ಆ ಕೆಲಸಕ್ಕೆಂದು ಮುಂದೆ ಬಂದವು, ಈ ಸಲ ಮತ್ತೆ ಹಿಂದೆ ಹೋಗಲಿಲ್ಲ. ಹಕ್ಕಿಯನ್ನು ನೀವೇ ಬಿಡಿ ಎಂದೆ. ಬೇಡವೆಂದರು, ಆಮೇಲೆ ಹ್ಞೂಂ ಎಂದರು. ಎರಡು ಬೆರಳ ನಡುವೆ ಕುತ್ತಿಗೆ, ಅಂಗೈಗೆ ಬೆನ್ನು, ಬಾಲ ಹೊರಗೆ, ಹಿಡಿತ ಹೀಗೆ ಎಂದು ತೋರಿಸಿದೆ. ಒಂದೇ ಸಲಕ್ಕೆ ಬಂತು. ಮರದ ತಲೆಯನ್ನು ಹಿಡಿಯುವುದಕ್ಕಿಂತ ಸುಲಭ, ಇದು ಬೆಚ್ಚಗಿದೆ ಎಂದರು. ಬೆರಳು ಬಿಡಿಸಿದಾಗ ಮೊಟ್ಟೆ ಕ್ಷಣಹೊತ್ತು ಅಂಗೈಯ ಮೇಲೆ ಹಾಗೇ ಕೂತಿತ್ತು, ಅದೇ ಮುಖ ಮಾಡಿಕೊಂಡು. ಆಮೇಲೆ ಹಾರಿ ತಿರುವಿನಲ್ಲಿ ಚೂರೇ ಚೂರು ಓಲಾಡಿ ಪೊದೆ ಸೇರಿತು.

ಅತ್ತೆ ಅದನ್ನು ನೋಡಲು ನಿಲ್ಲಲಿಲ್ಲ. ಅಂಗಡಿಗೆ ಹೋಗಿ ವಿಗ್ಗಿನ ಮೇಲಿನ ಬಟ್ಟೆ ತೆಗೆದು ದೀಪ ಬಗ್ಗಿಸಿಕೊಂಡರು. ರಾಜ ಹಿಂದೆಯೇ ಹೋಗಿ ಏನೋ ಹೇಳಲು ಬಾಯಿ ತೆರೆದವರು, ಅತ್ತೆ ತುಟಿಯ ಮೇಲೆ ಬೆರಳಿಟ್ಟದ್ದನ್ನು ನೋಡಿ, ಬೇಟೆಯ ನಡಿಗೆಯಲ್ಲೇ ಬೀದಿಗೆ ಇಳಿದರು.

ಸಂಜೆ ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಪೊದೆಯ ಬುಡದ ಎಲೆಗಳು ಯಾರೂ ತಿರುವದೆ ಹಾಗೇ ಬಿದ್ದಿದ್ದವು. ದಾರಿಯಲ್ಲಿ ಬಾಲ ಬೆಳೆಯುತ್ತಲೇ ಹೋಗುತ್ತದಾ ಎಂದು ಅತ್ತೆ ಸೂಜಿಯಿಂದ ಕಣ್ಣೆತ್ತದೆ ಕೇಳಿದರು. ಹೌದು, ಆದರೆ ಹಾರುವ ರಾತ್ರಿಗಳಲ್ಲಿ ಬೆಳವಣಿಗೆ ಸ್ವಲ್ಪ ನಿಧಾನ ಎಂದೆ. ಇದನ್ನು ಅವರು ನಂಬಿದರು.

ವಿಗ್ ಮುಗಿದದ್ದು ಇಪ್ಪತ್ತೆಂಟರ ಮಧ್ಯಾಹ್ನ. ನಾವೆಲ್ಲ ಅದನ್ನು ಹೊತ್ತುಕೊಂಡು ನಾಟಕಶಾಲೆಯ ಬಣ್ಣದ ಕೋಣೆಗೆ ಹೋದೆವು. ಅತ್ತೆ ಗೋಂದು ಹಚ್ಚಿ, ರಾಜನ ತಲೆಗೆ ಕೂರಿಸಿ, ಒಣಗುವ ತನಕ ಎರಡೂ ಅಂಗೈಯಿಂದ ಒತ್ತಿ ಹಿಡಿದರು. ಆಮೇಲೆ ರಾಣಿಯನ್ನು ಕರೆದು ಎಳೆಯಲು ಹೇಳಿದರು. ರಾಣಿ ಮರ್ಯಾದೆಗೆಂದು ಮೆಲ್ಲಗೆ ಎಳೆದರು. ಹಾಗಲ್ಲ, ಮೂರನೇ ಅಂಕದ ಹಾಗೆ ಎಳೆಯಿರಿ, ನನಗೆ ಈಗಲೇ ಗೊತ್ತಾಗಬೇಕು ಎಂದರು ಅತ್ತೆ. ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳುವುದು ನನಗೆ ಸರಿ ಕಾಣಲಿಲ್ಲ. ಪ್ರಯಾಣದ ಪೆಟ್ಟಿಗೆ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಮನೆಯಿಂದ ತಂದಿದ್ದೆ. ಅದರ ಕೊಕ್ಕೆಗೆ ಮುಂಗೂದಲಿನ ಕಟ್ಟನ್ನು ಪಟ್ಟಿಯಿಂದ ಬಿಗಿದು, ಹಿಡಿಯನ್ನು ರಾಣಿಯ ಕೈಗೆ ಕೊಟ್ಟೆ.

ಈ ತಿಂಗಳು ಆ ಗಂಡಹೆಂಡಿರ ಮನೆಯಲ್ಲಿ ಏನೇನು ನಡೆದಿತ್ತೋ ನಮಗೆ ತಿಳಿಯದು. ರಾಣಿ ಕಾಲನ್ನು ಕುರ್ಚಿಯ ಅಡ್ಡಪಟ್ಟಿಗೆ ಊರಿ ಎಳೆದರು. ಅತ್ತೆ ಹಣೆಯಂಚಿನ ಗಂಟುಗಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ಒಂದು ಗಂಟೂ ಸಡಿಲಲಿಲ್ಲ, ವಿಗ್ ಕಿತ್ತು ಬರಲಿಲ್ಲ. ಸ್ವಲ್ಪ ಹೊತ್ತಿಗೆ ರಾಜನೇ ಕುರ್ಚಿಯಿಂದ ಎದ್ದು ಅದರ ಜೊತೆ ಬಂದರು. ಬಾಗಿ ಮುಳ್ಳನ್ನು ಓದಿದೆ: ಎಂಟು ಕಿಲೋ ಇನ್ನೂರು ಗ್ರಾಂ.